ಹುಲ್ಲು ತಿಂದ ಹಸಿರು

"ಬಣ್ಣ ಹಚ್ಚಬಾರದಾಗಿತ್ತು ಕಣಮ್ಮ."

ಪುಸ್ತಕ ನೋಡಿ ಮಾವ ಆಡಿದ ಮೊದಲ ಮಾತು ಅದು. ಬೆಲ್ಜಿಯಂನ ಆಂಟ್‌ವರ್ಪ್ ನಗರದ ಒಂದು ಪುಸ್ತಕ ಸಂರಕ್ಷಣೆಯ ಕೋಣೆ. ಉತ್ತರದ ಕಿಟಕಿಯಿಂದ ಸಮನಾದ ಬೆಳಕು ಬೀಳುತ್ತಿತ್ತು. ಮೇಜಿನ ಮೇಲೊಂದು ಬಿಳಿ ದಿಂಬು, ಅದರ ಮೇಲೆ ಅಂಗೈಯಗಲದ ಒಂದು ಜಪದ ಪುಸ್ತಕ. ಕೆಂಪು ಆಡಿನ ಚರ್ಮದ ಹೊದಿಕೆ, ಅಂಚಿನುದ್ದಕ್ಕೂ ಚಿನ್ನದ ಬಳ್ಳಿ, ಬಾಯಿ ಬಿಗಿಯಲು ಎರಡು ಬೆಳ್ಳಿ ಕೊಂಡಿ. ಶೀರ್ಷಿಕೆಯ ಹಾಳೆ ಎಂದೋ ಉದುರಿಹೋಗಿದೆ. 1600ರ ಆಸುಪಾಸಿನಲ್ಲಿ ಇದೇ ಊರಿನಲ್ಲಿ ಅಚ್ಚಾದದ್ದು ಎಂದು ಕಾಗದ ಮತ್ತು ಅಕ್ಷರ ನೋಡಿ ಸೊಸೆ ಅಂದಾಜು ಮಾಡಿದ್ದಾಳೆ. ತೆರೆದ ಪುಟದಲ್ಲಿ ಗಬ್ರಿಯೇಲ ದೂತ ಮರಿಯಮ್ಮನಿಗೆ ಶುಭವಾರ್ತೆ ಹೇಳುತ್ತಿದ್ದಾನೆ. ದೂತನ ರೆಕ್ಕೆ ಕೆಂಪು, ಮರಿಯಮ್ಮನ ಹೊದಿಕೆ ನೀಲಿ, ಬಾಗಿಲಾಚೆ ಕಾಣುವ ಹುಲ್ಲು ಹಸಿರು.

ಮಾವ ಮೈಸೂರಿನ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದವರು. ತಂಗಿಯ ಮಗಳು ಹಳೆಯ ಪುಸ್ತಕಗಳ ದುರಸ್ತಿ ಕಲಿಯಲು ಇಷ್ಟು ದೂರ ಬಂದಿದ್ದಾಳೆಂದರೆ ಅವರಿಗೆ ಮನಸ್ಸಿನ ತುಂಬ ಹಿಗ್ಗು. ಆದರೆ ಪುಸ್ತಕದ ವಿಷಯ ಬಂದಾಗ ಹಿಗ್ಗನ್ನು ಬದಿಗಿಟ್ಟು ಮಾತಾಡುವುದು ಅವರ ಅಭ್ಯಾಸ.

"ಯಾಕೆ ಮಾವ, ಬಣ್ಣ ಚೆನ್ನಾಗಿಲ್ವಾ?"

"ಬಣ್ಣ ಚೆನ್ನಾಗೇ ಇದೆ. ಅದರ ಕೆಳಗಿರೋ ಗೆರೆ ಅದಕ್ಕಿಂತ ಚೆನ್ನಾಗಿದೆ. ಈ ಮಡಿಕೆ ನೋಡು." ಅವರು ಭೂತಗನ್ನಡಿಯನ್ನು ಮರಿಯಮ್ಮನ ಹೊದಿಕೆಯ ನೆರಿಗೆಯ ಮೇಲೆ ಹಿಡಿದರು. "ಗೆರೆ ಸಣ್ಣದಾಗಿ ಶುರುವಾಗಿ, ನಡುವೆ ತುಂಬಿಕೊಂಡು, ಮತ್ತೆ ಕೂದಲಿನಷ್ಟು ತೆಳುವಾಗಿ ಮುಗಿಯುತ್ತೆ. ಅದರ ಮೇಲೆ ಓರೆಯಾಗಿ ಇನ್ನೊಂದು ಸಾಲು. ನೆರಳು, ಬೆಳಕು, ಬಟ್ಟೆಯ ಭಾರ ಎಲ್ಲವನ್ನೂ ಆ ಮನುಷ್ಯ ಬರಿಯ ಕಪ್ಪಿನಲ್ಲೇ ಹೇಳಿ ಮುಗಿಸಿದ್ದಾನೆ. ಆಮೇಲೆ ಯಾರೋ ಬಂದು ನೀಲಿ ಬಳಿದರು."

ಸೊಸೆಗೆ ಈ ಮಾತು ಹೊಸದಲ್ಲ. "ನಿಮ್ಮ ಪಕ್ಷದಲ್ಲಿ ದೊಡ್ಡ ವಿದ್ವಾಂಸರೇ ಇದ್ದಾರೆ ಮಾವ," ಎಂದಳು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ತೀರಿಕೊಂಡ 1528ರಲ್ಲೇ ಎರಾಸ್ಮಸ್ ಅವನ ಬಗ್ಗೆ ಬರೆದದ್ದು ಸರಿಸುಮಾರು ಇದನ್ನೇ. ಇತರರು ಬಣ್ಣದ ನೆರವಿನಿಂದ ಮಾಡುವುದನ್ನೆಲ್ಲ ಡ್ಯೂರರ್ ಕಪ್ಪು ಗೆರೆಗಳಿಂದಲೇ ಮಾಡುತ್ತಾನೆ, ಅವುಗಳ ಮೇಲೆ ಬಣ್ಣ ಬಳಿದರೆ ಕೃತಿಗೆ ಅಪಚಾರವಾಗುತ್ತದೆ ಎಂಬುದು ಎರಾಸ್ಮಸನ ಅಭಿಪ್ರಾಯ. ಮುಂದಿನ ಕಾಲದ ಸಂಗ್ರಾಹಕರೂ ಆ ದಾರಿಯನ್ನೇ ಹಿಡಿದರು. ಬಣ್ಣ ಹಚ್ಚಿದ ಅಚ್ಚುಚಿತ್ರವೆಂದರೆ ಕೆಟ್ಟುಹೋದ ಪ್ರತಿ, ಆ ಬಣ್ಣವೂ ಯಾರೋ ನಂತರ ಮೆತ್ತಿದ್ದು ಎಂದು ಬಹುಕಾಲ ನಂಬಲಾಗಿತ್ತು. 2002ರಲ್ಲಿ ಅಮೆರಿಕದ ಬಾಲ್ಟಿಮೋರ್ ಕಲಾ ಸಂಗ್ರಹಾಲಯ ಇಂಥ ಬಣ್ಣದ ಅಚ್ಚುಚಿತ್ರಗಳದ್ದೇ ಒಂದು ಪ್ರದರ್ಶನ ಏರ್ಪಡಿಸಿತು. ಅದಕ್ಕಾಗಿ ನಡೆದ ಪರೀಕ್ಷೆಗಳಲ್ಲಿ ಹಲವು ಚಿತ್ರಗಳ ಬಣ್ಣ ಚಿತ್ರದ ಕಾಲದ್ದೇ ಎಂದು ಕಂಡುಬಂತು.

"ಅದು ಹೇಗೆ ಗೊತ್ತಾಗುತ್ತೆ?"

"ಬಣ್ಣಕ್ಕೂ ಹುಟ್ಟಿದ ದಿನ ಅಂತ ಇರುತ್ತೆ ಮಾವ. ಪ್ರಷ್ಯನ್ ನೀಲಿ ಬರ್ಲಿನ್‌ನಲ್ಲಿ ತಯಾರಾದದ್ದು 18ನೇ ಶತಮಾನದ ಮೊದಲ ದಶಕದಲ್ಲಿ. ಈ ಹೊದಿಕೆಯಲ್ಲಿ ಅದು ಸಿಕ್ಕಿದ್ದರೆ ಬಣ್ಣ ತಡವಾಗಿ ಹಚ್ಚಿದ್ದು ಅಂತ ಹೇಳಿಬಿಡಬಹುದಿತ್ತು. ಹಾಳೆ ಮುಟ್ಟದೆ ಎಕ್ಸ್-ರೇ ಹಾಯಿಸಿ ನೋಡಿದೆವು. ನೀಲಿಯಲ್ಲಿ ತಾಮ್ರ ಇದೆ, ಅಂದ್ರೆ ಅಜುರೈಟ್ ಕಲ್ಲಿನ ಪುಡಿ. ರೆಕ್ಕೆಯ ಕೆಂಪಿನಲ್ಲಿ ಪಾದರಸ, ಅದು ಇಂಗಳೀಕ. ಒಳ ಅಂಗಿಯ ಪಾರದರ್ಶಕ ಕೆಂಪು ಕೀಟದ ಬಣ್ಣದ ಹಾಗೆ ಕಾಣುತ್ತೆ. ಮೆಕ್ಸಿಕೋದ ಕೊಚಿನೀಲ್ ಇರಬಹುದು, ನಮ್ಮ ಕಡೆಯ ಅರಗಿನ ಬಣ್ಣವೂ ಇರಬಹುದು. ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು."

"ಅರಗು ಇಲ್ಲಿಗೆ ಬರ್ತಿತ್ತಾ?"

"ಬರ್ತಿತ್ತು. ಇಂಥ ಕೆಂಪಿಗೆ ಇಲ್ಲಿಯವರು ಕೊಟ್ಟ 'ಲಾಕಾ' ಅನ್ನೋ ಹೆಸರೇ ನಮ್ಮ ಲಾಕ್ಷಾದಿಂದ ಬಂದದ್ದು."

ಮಾವ ಒಪ್ಪಿದಂತೆ ತಲೆಯಾಡಿಸಿದರು. ಆದರೆ ಅವರು ಒಪ್ಪಿದ್ದು ಬಣ್ಣದ ವಯಸ್ಸನ್ನಷ್ಟೇ. "ಹಳೇದು ಅಂದ ಮಾತ್ರಕ್ಕೆ ಸರಿ ಅಂತ ಆಗಲ್ಲ," ಎಂದರು.

"ಹಾಗಾದ್ರೆ ಅಜ್ಜಿ ಮಾಡಿದ್ದು?"

ಮಾವನಿಗೆ ಕೂಡಲೇ ಅರ್ಥವಾಯಿತು. ಅವರ ತಾಯಿಯ ದೇವರ ಮನೆಯಲ್ಲಿ ರವಿವರ್ಮನ ಲಕ್ಷ್ಮಿಯ ಅಚ್ಚುಪಟವೊಂದಿತ್ತು. ಆಕೆ ಆ ಪಟದ ಸೀರೆಯಂಚಿಗೆ ಜರಿ ಅಂಟಿಸಿ, ಕಿರೀಟಕ್ಕೆ ಚಮಕಿ ಹಚ್ಚಿ, ಒಡವೆಯ ಜಾಗಕ್ಕೆಲ್ಲ ಸಣ್ಣ ಮಣಿ ಕೂರಿಸಿದ್ದರು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಒಂದೇ ಲಕ್ಷ್ಮಿ ಸಾವಿರಾರು ಮನೆಗಳ ಗೋಡೆ ಸೇರಿದಳು. ಆ ಒಂದೇ ಪಟ ಈ ಮನೆಯಲ್ಲಿ ಒಂದು ಬಗೆ, ಪಕ್ಕದ ಮನೆಯಲ್ಲಿ ಇನ್ನೊಂದು ಬಗೆ ಆದದ್ದು ಹೆಂಗಸರ ಕೈಕೆಲಸದಿಂದ. ಯುರೋಪಿನಲ್ಲೂ ಸಂತರ ಅಚ್ಚುಚಿತ್ರಗಳಿಗೆ ರೇಷ್ಮೆಯ ಚೂರು, ಜರಿ ಅಂಟಿಸಿ ಬಟ್ಟೆ ತೊಡಿಸುವ ರೂಢಿಯಿತ್ತೆಂದು ಸೊಸೆ ಹೇಳಿದಾಗ ಮಾವ ಭೂತಗನ್ನಡಿ ಕೆಳಗಿಟ್ಟರು.

"ಅಮ್ಮ ಮಾಡಿದ್ದು ಪೂಜೆಯ ಪಟಕ್ಕೆ. ಇದು ಓದೋ ಪುಸ್ತಕ."

"ಇದೂ ಪೂಜೆಗೇ ಮಾವ. ಓದೋದಕ್ಕಿಂತ ಹೆಚ್ಚಾಗಿ ನೋಡೋದಕ್ಕೆ ಮಾಡಿದ್ದು."

ಇದನ್ನು ವಿವರಿಸಲು ಆಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಯಿತು. 1566ರಲ್ಲಿ ಈ ನಾಡಿನ ಚರ್ಚುಗಳಿಗೆ ಪ್ರತಿಮಾಭಂಜಕರು ನುಗ್ಗಿ ಚಿತ್ರ, ವಿಗ್ರಹಗಳನ್ನು ಒಡೆದುಹಾಕಿದರು. 1585ರಲ್ಲಿ ಸ್ಪೇನಿನ ಸೇನೆ ಆಂಟ್‌ವರ್ಪನ್ನು ಮತ್ತೆ ಹಿಡಿದುಕೊಂಡಿತು. ಆಮೇಲೆ ಈ ಊರು ಕಥೋಲಿಕ ಭಕ್ತಿಚಿತ್ರಗಳನ್ನು ಜಗತ್ತಿಗೇ ಹಂಚುವ ಕಾರ್ಖಾನೆಯಂತಾಯಿತು. ಆ ಕಾಲದ ಬಹು ದೊಡ್ಡ ಸಾಹಸವೆಂದರೆ ಯೇಸುಸಭೆಯ ಪಾದ್ರಿ ಹೆರೋನಿಮೋ ನಡಾಲ್ ಸಿದ್ಧಪಡಿಸಿದ ಶುಭಸಂದೇಶದ ಚಿತ್ರಮಾಲೆ. ಇಂಥದೊಂದು ಪುಸ್ತಕ ಬೇಕೆಂದು ಬಯಸಿದವರು ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ. ನಡಾಲ್ 1580ರಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು 1593ರಲ್ಲಿ. ಒಟ್ಟು 153 ತಾಮ್ರಫಲಕದ ಚಿತ್ರಗಳು. ಪ್ರತಿ ಚಿತ್ರದೊಳಗೆ ಅಲ್ಲಲ್ಲಿ ಒಂದೊಂದು ಸಣ್ಣ ಅಕ್ಷರ, ಕೆಳಗೆ ಅದೇ ಅಕ್ಷರದ ಮುಂದೆ ವಿವರಣೆ. ಕಣ್ಣು ಆ ಅಕ್ಷರಗಳನ್ನು ಹಿಡಿದು ಚಿತ್ರದಲ್ಲಿ ನಡೆಯಬೇಕು. ಇಲ್ಲಿ ಬಾಗಿಲು, ಇಲ್ಲಿ ದೂತ, ಇಲ್ಲಿ ಮರಿಯಮ್ಮನ ಕೋಣೆ. ಘಟನೆ ನಡೆದ ಸ್ಥಳವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಅಲ್ಲಿ ತಾನೂ ನಿಂತಿದ್ದೇನೆಂದು ಧ್ಯಾನಿಸುವುದು ಇಗ್ನೇಷಿಯಸ್ ಹಾಕಿಕೊಟ್ಟ ದಾರಿ. ಅದಕ್ಕೆ ಬೇಕಾದ ನಕ್ಷೆ ನಡಾಲರ ಪುಸ್ತಕದಲ್ಲಿತ್ತು.

"ಹಾಗೆ ಒಳಗೆ ಹೋಗಿ ನಿಲ್ಲೋ ಜಾಗಕ್ಕೆ ಬಣ್ಣ ಬೇಡವಾ ಮಾವ?"

ಮಾವ ಉತ್ತರಿಸಲಿಲ್ಲ. ಸಣ್ಣಗೆ, "ಕೆತ್ತಿದವನು ಯಾರು?" ಎಂದರು.

ನಡಾಲರ ಪುಸ್ತಕದ ಫಲಕಗಳಲ್ಲಿ ಹೆಚ್ಚಿನವನ್ನು ಕೊರೆದವರು ಆಂಟ್‌ವರ್ಪಿನ ವೀರಿಕ್ಸ್ ಸಹೋದರರು. ಹುಡುಗರಾಗಿದ್ದಾಗಲೇ ಡ್ಯೂರರನ ಚಿತ್ರಗಳನ್ನು ಗೆರೆಗೆ ಗೆರೆ ನಕಲು ಮಾಡಿ ಕೈ ಪಳಗಿಸಿಕೊಂಡವರು. ಅವರ ಬಗ್ಗೆ ಊರಿನ ದೊಡ್ಡ ಮುದ್ರಕ ಕ್ರಿಸ್ಟೋಫ್ ಪ್ಲಾಂಟಿನ್ 1587ರ ಆರಂಭದಲ್ಲಿ ಬರೆದ ಒಂದು ಪತ್ರ ಉಳಿದಿದೆ. ಒಂದೆರಡು ದಿನ ದುಡಿದು ಆ ಕಾಸನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಾರೆ, ಒತ್ತೆಯಿಟ್ಟ ವಸ್ತುಗಳನ್ನು ಕೆಲಸ ಕೊಟ್ಟವರೇ ಬಿಡಿಸಿಕೊಂಡು ಅವರನ್ನು ಕರೆತರಬೇಕು ಎಂದು ಅದರಲ್ಲಿ ಅವನು ಗೋಳಾಡಿಕೊಂಡಿದ್ದಾನೆ. ಮಾವ ಇದನ್ನು ಗಂಭೀರವಾಗಿಯೇ ಕೇಳಿಸಿಕೊಂಡರು. ಮುದ್ರಣಾಲಯದಲ್ಲಿ ಅಂಥ ಕೈಗಳನ್ನು ಅವರೂ ಕಂಡಿದ್ದರು. ಕೆಲಸ ಬಿಟ್ಟರೆ ವಾರಗಟ್ಟಲೆ ನಾಪತ್ತೆ, ಕೂತರೆ ಅವರ ಸಮಕ್ಕೆ ಇನ್ನೊಬ್ಬರಿಲ್ಲ.

"ಈ ಪ್ಲಾಂಟಿನ್ ನಿಮ್ಮ ಕಸುಬಿನವನೇ ಮಾವ. ಮೊದಲು ಬೈಂಡರ್ ಆಗಿದ್ದ."

ಅದನ್ನು ಕೇಳಿ ಮಾವ ಕುರ್ಚಿ ಎಳೆದುಕೊಂಡು ಕೂತರು.

ಫ್ರಾನ್ಸಿನ ಪ್ಲಾಂಟಿನ್ 1540ರ ದಶಕದ ಕೊನೆಯಲ್ಲಿ ಆಂಟ್‌ವರ್ಪಿಗೆ ಬಂದು ಪುಸ್ತಕ ಕಟ್ಟುವ, ಚರ್ಮದ ಪೆಟ್ಟಿಗೆ ಮಾಡುವ ಅಂಗಡಿ ಇಟ್ಟ. 1555ರಲ್ಲಿ ಒಂದು ಸಂಜೆ ತಾನು ಮಾಡಿದ ಪೆಟ್ಟಿಗೆಯನ್ನು ಗಿರಾಕಿಗೆ ತಲುಪಿಸಲು ಹೋಗುತ್ತಿದ್ದಾಗ ಕುಡಿದಿದ್ದ ಕೆಲವರು ಬೇರೆ ಯಾರೋ ಎಂದುಕೊಂಡು ಅವನಿಗೆ ಇರಿದರಂತೆ. ಗಾಯ ಮಾಯಿತು, ಆದರೆ ಬಗ್ಗಿ ಚರ್ಮಕ್ಕೆ ಒತ್ತುಕೊಡುವ ಕೆಲಸ ಆಗದಾಯಿತು. ಅದೇ ವರ್ಷ ಅವನ ಮೊದಲ ಮುದ್ರಿತ ಪುಸ್ತಕ ಹೊರಬಂತು. ಮುಂದೆ 1568ರಿಂದ 1572ರವರೆಗೆ ಐದು ಭಾಷೆಗಳ ಬೈಬಲನ್ನು ಎಂಟು ಸಂಪುಟಗಳಲ್ಲಿ ಅಚ್ಚು ಹಾಕಿದ. ಅವನ ವಂಶದವರು 1876ರವರೆಗೆ ಕಾಪಾಡಿಕೊಂಡು ಬಂದ ಆ ಮುದ್ರಣಾಲಯ, ಲೆಕ್ಕದ ಪುಸ್ತಕಗಳ ಸಮೇತ, ಇಂದು ಇದೇ ಊರಿನ ಸಂಗ್ರಹಾಲಯ.

"ಬೆಳಗ್ಗೆ ನೋಡಿದೆವಲ್ಲ, ಆ ಎರಡು ಬಗೆಯ ಪ್ರೆಸ್ಸು," ಎಂದಳು ಸೊಸೆ.

ಅಲ್ಲಿ ಮಾವನೇ ಆಕೆಗೆ ಪಾಠ ಹೇಳಿದ್ದರು. ಅಚ್ಚುಮೊಳೆಯಲ್ಲಿ ಅಕ್ಷರ ಉಬ್ಬಿರುತ್ತದೆ, ಮಸಿ ಉಬ್ಬಿದ ಕಡೆ ಹತ್ತುತ್ತದೆ. ತಾಮ್ರಫಲಕದಲ್ಲಿ ಎಲ್ಲವೂ ತಿರುವುಮುರುವು. ಉಳಿಯಿಂದ ಕೊರೆದ ತಗ್ಗಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಎರಡು ಉರುಳೆಗಳ ನಡುವೆ ಹಿಂಡಬೇಕು. ಆದ್ದರಿಂದ ಅಕ್ಷರ ಮತ್ತು ಚಿತ್ರ ಎರಡೂ ಇರುವ ಹಾಳೆ ಎರಡು ಬೇರೆ ಯಂತ್ರಗಳ ಕೆಳಗೆ ಹೋಗಲೇಬೇಕು. ಎರಡನೇ ಸಲ ಕೂದಲೆಳೆಯಷ್ಟು ಜಾರಿದರೂ ಚಿತ್ರ ಅಕ್ಷರದ ಮೇಲೆ ಹತ್ತುತ್ತದೆ. ಆಮೇಲೂ ಪುಸ್ತಕ ಪುಸ್ತಕವಾಗಿರಲಿಲ್ಲ. ಆ ಕಾಲದಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿದ್ದುದು ಕಟ್ಟದ ಹಾಳೆಗಳೇ. ಬಣ್ಣ ಬೇಕೆ, ಯಾವ ಚರ್ಮ, ಎಷ್ಟು ಚಿನ್ನ ಎಂಬುದೆಲ್ಲ ಕೊಂಡವನ ಮನಸ್ಸು ಮತ್ತು ಹಣದ ಚೀಲಕ್ಕೆ ಬಿಟ್ಟ ವಿಷಯ.

"ಹಾಗಾದ್ರೆ ಇದನ್ನ ಬಣ್ಣಕ್ಕೆ ಕೊಟ್ಟವನು ಬೇರೆ, ಹಚ್ಚಿದವನು ಬೇರೆ."

"ಹಚ್ಚಿದವಳು ಅಂತಲೂ ಇರಬಹುದು ಮಾವ."

ಬಣ್ಣ ಹಾಕುವುದು ಆಗ ಈ ಊರಿನಲ್ಲಿ ಒಂದು ಪ್ರತ್ಯೇಕ ಕಸುಬಾಗಿತ್ತು. ಜಗತ್ತಿನ ಮೊದಲ ಆಧುನಿಕ ಭೂಪಟ ಸಂಪುಟ ತಂದ ಅಬ್ರಹಾಂ ಒರ್ಟೆಲಿಯಸ್ 1547ರಲ್ಲಿ ಇಲ್ಲಿನ ಚಿತ್ರಕಾರರ ಸಂಘಕ್ಕೆ ಸೇರಿದ್ದು ಭೂಪಟಗಳಿಗೆ ಬಣ್ಣ ಹಾಕುವವನಾಗಿಯೇ. ಪ್ಲಾಂಟಿನ್‌ಗೆ ಚಿತ್ರಗಳಿಗೆ ಬಣ್ಣ ಹಾಕಿಕೊಡುತ್ತಿದ್ದವರಲ್ಲಿ ಮೈಂಕೆನ್ ಲೀಫ್ರಿಂಕ್ ಎಂಬ ಹೆಣ್ಣುಮಗಳ ಹೆಸರು ಉಳಿದುಬಂದಿದೆ. ಅಚ್ಚುಚಿತ್ರಗಳ ವ್ಯಾಪಾರದ ಮನೆತನದಲ್ಲೇ ಹುಟ್ಟಿದವಳು. ಆದರೆ ಬಣ್ಣ ಹಾಕಿದ ಪುಟದಲ್ಲಿ ಸಹಿ ಮಾಡುವ ರೂಢಿ ಅಪರೂಪ. ಕೆತ್ತಿದವನ ಹೆಸರು ಫಲಕದ ಅಂಚಿನಲ್ಲಿ, ಮುದ್ರಕನ ಹೆಸರು ಶೀರ್ಷಿಕೆಯ ಹಾಳೆಯಲ್ಲಿ. ಬಣ್ಣದವಳಿಗೂ ಬೈಂಡರಿಗೂ ಪುಟದಲ್ಲಿ ಜಾಗವಿಲ್ಲ. ಅವರು ಸಿಗುವುದು ಕೂಲಿಯ ಲೆಕ್ಕದಲ್ಲಿ ಮಾತ್ರ.

ಮಾವ ಮತ್ತೆ ಭೂತಗನ್ನಡಿ ಕೈಗೆತ್ತಿಕೊಂಡರು. ಈ ಸಲ ಅವರು ನೋಡಿದ್ದು ಗೆರೆಯನ್ನಲ್ಲ. ಬಹಳ ಹೊತ್ತು ನೋಡಿದ ಮೇಲೆ ಹೇಳಿದರು, "ನೀಲಿಯನ್ನ ಎಲ್ಲ ಕಡೆ ಒಂದೇ ದಪ್ಪ ಹಾಕಿಲ್ಲ. ಗೆರೆ ಒತ್ತಾಗಿರೋ ಕಡೆ ನೀರಿನ ಹಾಗೆ ತೆಳು. ಬೆಳಕು ಬೀಳೋ ಕಡೆ ಬರಿಯ ಕಾಗದ ಬಿಟ್ಟು, ಮೇಲೊಂದು ಚಿನ್ನದ ಎಳೆ. ಗೆರೆ ಎಲ್ಲಿದೆ ಅಂತ ತಿಳಿದ ಕೈ ಇದು."

"ಅದಕ್ಕೂ ಮೊದಲು ಹಾಳೆಗೆ ಪಟಿಕದ ನೀರು, ಸರೇಸು ಸವರಿರಬೇಕು. ಇಲ್ಲದಿದ್ರೆ ಬಣ್ಣ ಹರಿದುಬಿಡುತ್ತೆ. ಆ ಎಳೆ ಚಿನ್ನದ ಪುಡಿಯನ್ನ ಅಂಟಿನಲ್ಲಿ ಕಲಸಿ ಕುಂಚದಲ್ಲಿ ಎಳೆದದ್ದು."

"ಪುಸ್ತಕದ ಹೊದಿಕೆಯ ಚಿನ್ನ ಹಾಗಲ್ಲ. ಅದು ರೇಕು," ಎಂದರು ಮಾವ, ತಮ್ಮ ಕ್ಷೇತ್ರಕ್ಕೆ ಮರಳಿದವರಂತೆ. ಚರ್ಮದ ಮೇಲೆ ಮೊಟ್ಟೆಯ ಬಿಳಿ ಸವರಿ, ರೇಕು ಹಾಸಿ, ಕಾಯಿಸಿದ ಹಿತ್ತಾಳೆಯ ಅಚ್ಚನ್ನು ಒಂದೇ ಏಟಿಗೆ ಒತ್ತಬೇಕು. ಬಿಸಿ ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಚಿನ್ನ ಕೂರುವುದಿಲ್ಲ. ಈ ವಿದ್ಯೆ 15ನೇ ಶತಮಾನದಲ್ಲಿ ಇಸ್ಲಾಮೀ ನಾಡುಗಳಿಂದ ಇಟಲಿಯ ಮೂಲಕ ಯುರೋಪಿಗೆ ಬಂತು ಎಂದು ಸೊಸೆ ಸೇರಿಸಿದಳು. ಮುಸ್ಲಿಂ ಕುಶಲಕರ್ಮಿಗಳ ಕೈಚಳಕ ಕ್ರೈಸ್ತರ ಜಪದ ಪುಸ್ತಕದ ಬೆನ್ನೇರಿತ್ತು.

ಆಂಟ್‌ವರ್ಪಿನ ಅಚ್ಚುಚಿತ್ರಗಳೂ ಅಷ್ಟೇ ದೂರ ಹೋದವು. ಚೀನಾದಲ್ಲಿದ್ದ ಯೇಸುಸಭೆಯ ಪಾದ್ರಿ ಮತ್ತೆಯೋ ರಿಚ್ಚಿ 1605ರಲ್ಲಿ ಬರೆದ ಪತ್ರದಲ್ಲಿ, ಸದ್ಯಕ್ಕೆ ತನಗೆ ಬೈಬಲಿಗಿಂತ ನಡಾಲರ ಪುಸ್ತಕವೇ ಹೆಚ್ಚು ಉಪಯೋಗ, ಮಾತಿನಲ್ಲಿ ಹೇಳಲಾಗದ್ದನ್ನು ಚಿತ್ರ ತೋರಿಸುತ್ತದೆ ಎಂದಿದ್ದಾನೆ. 1637ರಲ್ಲಿ ಅದೇ ಸಭೆಯ ಜೂಲಿಯೋ ಅಲೇನಿ ಆ ಚಿತ್ರಗಳನ್ನು ಚೀನೀ ಮರದಚ್ಚಿನಲ್ಲಿ ತಂದ. ಇತ್ತ 1580ರಲ್ಲಿ ಯೇಸುಸಭೆಯವರು ಪ್ಲಾಂಟಿನ್ನನ ಆ ಬೈಬಲನ್ನು ಫತೇಪುರ ಸಿಕ್ರಿಯಲ್ಲಿ ಅಕ್ಬರನಿಗೆ ಒಪ್ಪಿಸಿದಾಗ ಅವನು ಸಂಪುಟಗಳಿಗೆ ಮುತ್ತಿಟ್ಟು ತಲೆಯ ಮೇಲಿಟ್ಟುಕೊಂಡನೆಂದು ಅಲ್ಲಿದ್ದ ಪಾದ್ರಿ ಮೊನ್ಸೆರಾತ್ ದಾಖಲಿಸಿದ್ದಾರೆ. ಮೊಗಲ್ ಚಿತ್ರಶಾಲೆಗೆ ಆಂಟ್‌ವರ್ಪಿನ ಹಾಳೆಗಳು ಪಾಠವಾದವು. ಮೊಗಲ್ ಚಿತ್ರಕಾರ ಅಬುಲ್ ಹಸನ್ ಹದಿಮೂರನೆಯ ವಯಸ್ಸಿನಲ್ಲಿ, 1600ರಲ್ಲಿ, ಡ್ಯೂರರನ ಶಿಲುಬೆಯ ಚಿತ್ರದಿಂದ ಸಂತ ಯೋವಾನ್ನನ ಆಕೃತಿಯೊಂದನ್ನೇ ಬಿಡಿಸಿದ.

"ನಮ್ಮ ಕಡೆಗೂ ಬಂತಾ?" ಎಂದರು ಮಾವ.

ನಡಾಲರ ಪುಸ್ತಕಕ್ಕೆ ಕೆಲವು ಚಿತ್ರಗಳನ್ನು ಬರೆದುಕೊಟ್ಟ ಮಾರ್ಟನ್ ಡಿ ವೊಸ್ ಎಂಬ ಆಂಟ್‌ವರ್ಪಿನ ಕಲಾವಿದನ ಇನ್ನೊಂದು ಚಿತ್ರ, ದುಃಖದಲ್ಲಿ ತಲೆಗೆ ಕೈಹೊತ್ತು ಕೂತ ಮುದುಕನದು, ತಾಮ್ರದಚ್ಚಿನಲ್ಲಿ ಭಾರತಕ್ಕೆ ಬಂತು. ಅದನ್ನು ಮುಂದಿಟ್ಟುಕೊಂಡು ಮೊಗಲ್ ಚಿತ್ರಕಾರ ಫರ್ರುಖ್ ಬೇಗ್ 1615ರಲ್ಲಿ ಒಬ್ಬ ಸೂಫಿಯನ್ನು ಬರೆದ. ಈ ಫರ್ರುಖ್ ಬೇಗ್ ಅದಕ್ಕೆ ಮೊದಲು ಕೆಲವು ವರ್ಷ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದನೆಂದು ವಿದ್ವಾಂಸರು ಹೇಳುತ್ತಾರೆ. ಕಪ್ಪು ಬಿಳುಪಿನ ಮುದುಕ ಅವನ ಕೈಯಲ್ಲಿ ಬಣ್ಣದ ತೋಟದ ನಡುವೆ ಕೂತ.

"ಅಂದ್ರೆ ಬಣ್ಣ ಹಾಕಿದ ಮೇಲೆ ಆ ಚಿತ್ರ ಅವನದಾಯಿತು," ಎಂದು ಮಾವ ತಮಗೆ ತಾವೇ ಹೇಳಿಕೊಂಡರು. ಸೊಸೆ ಹಾಗೆಂದು ಹೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಇನ್ನೊಂದು ಮನೆಯ ಕಥೆ ಹೇಳಿದಳು. ಇಂಗ್ಲೆಂಡಿನ ಲಿಟ್ಲ್ ಗಿಡಿಂಗ್ ಎಂಬ ಹಳ್ಳಿಯಲ್ಲಿ 1620ರ ದಶಕದ ನಡುವೆ ನಿಕೊಲಸ್ ಫೆರಾರ್ ತನ್ನ ಬಂಧುಬಳಗದೊಂದಿಗೆ ಪ್ರಾರ್ಥನೆಯ ಬದುಕಿಗೆ ನೆಲೆ ನಿಂತ. ಕೇಂಬ್ರಿಜ್‌ನ ಬೈಂಡರೊಬ್ಬನ ಮಗಳು ಬಂದು ಆ ಮನೆಯ ಹೆಣ್ಣುಮಕ್ಕಳಿಗೆ ಪುಸ್ತಕ ಕಟ್ಟುವುದನ್ನು ಕಲಿಸಿದಳು. ಫೆರಾರನ ಸೋದರಸೊಸೆಯರಾದ ಮೇರಿ ಮತ್ತು ಆನಾ ಕಾಲೆಟ್ ಮುದ್ರಿತ ಶುಭಸಂದೇಶದ ಸಾಲುಗಳನ್ನು ಕತ್ತರಿಸಿ, ನಾಲ್ವರ ಕಥನವನ್ನು ಒಂದೇ ಎಳೆಯಾಗಿ ಅಂಟಿಸಿ, ನಡುನಡುವೆ ಈ ಕಡೆಯಿಂದ ಹೋದ ಅಚ್ಚುಚಿತ್ರಗಳನ್ನು ಸೇರಿಸಿದರು. 1635ರಲ್ಲಿ ಅಂಥದೊಂದು ಸಂಪುಟ ರಾಜ ಒಂದನೇ ಚಾರ್ಲ್ಸ್‌ನ ಕೈಸೇರಿತು. ಇಂದು ಹದಿನೈದರಷ್ಟು ಮಾತ್ರ ಉಳಿದಿವೆ.

"ಮಾವ ಹೇಳಿಕೊಟ್ಟಿದ್ದನ್ನ ಸೊಸೆಯರು ಮಾಡಿದರು."

"ಇಲ್ಲಿ ಸೊಸೆ ಹೇಳ್ತಿದ್ದಾಳೆ," ಎಂದರು ಮಾವ. "ಸರಿ, ಈ ಪುಸ್ತಕಕ್ಕೆ ಏನಾಗಿದೆ? ನಿನ್ನ ಮೇಜಿಗೆ ಯಾಕೆ ಬಂತು?"

ಆಕೆ ಪುಟವನ್ನು ಮೆಲ್ಲನೆ ಮಗುಚಿದಳು. ಹಾಳೆಯ ಹಿಂಬದಿಯಲ್ಲಿ ಬೇರೆ ಏನೂ ಇಲ್ಲ. ಹುಲ್ಲುಗಾವಲು ಇದ್ದ ಜಾಗ ಮಾತ್ರ ಕಂದು ನೆರಳಾಗಿ ಈಚೆ ಮೂಡಿದೆ. ಆ ನೆರಳಿನ ಅಂಚಿನುದ್ದಕ್ಕೂ ಒಂದು ಬಿರುಕು. ನೀಲಿ, ಕೆಂಪು, ಚಿನ್ನ ಎಲ್ಲವೂ ಗಟ್ಟಿಯಾಗಿವೆ. ಕಾಗದ ಸತ್ತಿರುವುದು ಹಸಿರಿನ ಕೆಳಗೆ ಮಾತ್ರ. ತಾಮ್ರದ ತಗಡಿಗೆ ಹುಳಿಯ ಹಬೆ ಕೊಟ್ಟು ಕೆರೆದು ತೆಗೆಯುವ ಹಸಿರು ಅದು. ಅದರೊಳಗಿನ ತಾಮ್ರ ನಾಲ್ಕು ನೂರು ವರ್ಷ ಬಿಡದೆ ಕಾಗದದ ನಾರನ್ನು ತುಂಡರಿಸುತ್ತಾ ಬಂದಿದೆ. ನೀಲಿಯಲ್ಲಿರುವುದೂ ತಾಮ್ರವೇ, ಆದರೆ ಅದು ಕಲ್ಲಿನಲ್ಲಿ ಕಟ್ಟಿಹಾಕಿದ ತಾಮ್ರ, ಕದಲುವುದಿಲ್ಲ. ಹಸಿರಿನದು ಸಡಿಲ. ನೀರು ತಾಗಿದರೆ ಇನ್ನಷ್ಟು ಹರಡುತ್ತದೆ. ಅದಕ್ಕಾಗಿ ಸೊಸೆ ತೆಳು ಜಪಾನೀ ಕಾಗದಕ್ಕೆ ಮೊದಲೇ ಜೆಲಟಿನ್ ಸವರಿ ಒಣಗಿಸಿಟ್ಟುಕೊಂಡಿದ್ದಾಳೆ. ಅದನ್ನು ಸ್ವಲ್ಪವೇ ಸ್ವಲ್ಪ ತೇವ ಮಾಡಿ ಬಿರುಕಿನ ಹಿಂದೆ ಕೂರಿಸುತ್ತಾಳೆ. ಬಣ್ಣ ಸೇರಿಸುವುದಿಲ್ಲ, ತೆಗೆಯುವುದೂ ಇಲ್ಲ.

"ತಾಮ್ರ," ಎಂದರು ಮಾವ. ಅವರ ದನಿ ಬೇರೆಯಾಗಿತ್ತು.

"ಏನಾಯ್ತು ಮಾವ?"

"ಮೈಲುತುತ್ತ. ನಾವು ಮೈದಾ ಅಂಟು ಕಾಸುವಾಗ ಹಾಕ್ತಿದ್ವಿ. ಹುಳ ಬೀಳಬಾರದು ಅಂತ. ನಮ್ಮ ಮೇಸ್ತ್ರಿ ಹೇಳಿಕೊಟ್ಟಿದ್ದು, ನಾನು ಹುಡುಗರಿಗೆ ಹೇಳಿಕೊಟ್ಟಿದ್ದು. ಒಳ್ಳೇ ಗಿರಾಕಿ ಬಂದರೆ ಒಂದು ಚಿಟಿಕೆ ಜಾಸ್ತಿ."

ಆಕೆ ತಕ್ಷಣ ಸಮಾಧಾನದ ಮಾತು ಹೇಳಲಿಲ್ಲ. ಆ ಅಂಟು ಬಿದ್ದ ಕಡೆ ಕಾಗದ ಕಾಲಕ್ರಮೇಣ ಕಂದಿ ಒಡೆಯಬಹುದೆಂದು ಅವಳಿಗೆ ಗೊತ್ತಿತ್ತು. ಹುಳದಿಂದ ಆ ಪುಸ್ತಕಗಳು ಉಳಿದದ್ದೂ ಅದೇ ಅಂಟಿನಿಂದ ಎಂಬುದೂ ಗೊತ್ತಿತ್ತು. ಎರಡನ್ನೂ ಹೇಳಿದಳು. ಮಾವ ಎರಡನ್ನೂ ಕೇಳಿಸಿಕೊಂಡರು. ಬಿಳಿ ದಿಂಬಿನ ಮೇಲಿನ ಹುಲ್ಲುಗಾವಲಿನ ಕಡೆ ನೋಡುತ್ತಾ, "ಇವಳಿಗೂ ಗೊತ್ತಿರಲಿಲ್ಲ," ಎಂದರು. ಬಣ್ಣ ಹಚ್ಚಿದ್ದು ಹೆಣ್ಣೆಂದು ಅವರು ಆಗಲೇ ತೀರ್ಮಾನಿಸಿದ್ದರು.

ಆಮೇಲೆ ಮೊಬೈಲ್ ತೆಗೆದು ಮೈಸೂರಿನಲ್ಲಿದ್ದ ಮಗನಿಗೆ ಕರೆ ಮಾಡಿದರು. ಅಲ್ಲಿ ಆಗಲೇ ಸಂಜೆ. ದೇವರ ಮನೆಯ ಪಕ್ಕದ ಕಪಾಟಿನಲ್ಲಿ ಮೇಲಿನ ಸಾಲು, ಹಸಿರು ಕ್ಯಾಲಿಕೋ ಹೊದಿಕೆಯ ಜೈಮಿನಿ ಭಾರತ. ತಮ್ಮ ತಾಯಿ ಓದಲೆಂದು ಅವರು ತಾವೇ ಹೊಲಿದು ಕಟ್ಟಿದ್ದು. ಅದರ ರಟ್ಟೂ ಮೊದಲ ಹಾಳೆಯೂ ಸೇರುವ ಸಂದು ಯಾವ ಬಣ್ಣಕ್ಕೆ ತಿರುಗಿದೆ ನೋಡಬೇಕು, ಫೋಟೋ ಕಳಿಸಬೇಕು.

"ರಟ್ಟನ್ನ ಪೂರ್ತಿ ಮಗುಚಬೇಡ ಕಣೋ," ಎಂದರು ಫೋನಿನಲ್ಲಿ. "ಅರ್ಧಕ್ಕೆ ನಿಲ್ಲಿಸು. ಕೆಳಗೆ ದಿಂಬು ಇಟ್ಟುಕೋ."